ಬೆಂಕಿಯೊಳಗೆ ಓಡಿದವನ ಹೆಂಡತಿ

"ಬಿಚ್ಚಾಕು ಆ ಬಿಳೀದ್ನ! ಎಷ್ಟ್ ಸಲ ಬಡ್ಕೊಳ್ಲಿ? ಗಂಡ ಸತ್ತೋಳು ಅಂದ್ರೆ ಕರೀದುಡ್ಬೇಕು. ಟೀವಿ ನೋಡೋರ್ಗೆ ಗೊತ್ತಾಗ್ಬೇಕು!"

"ಯಾವೋನ್ಲಾ ಹೇಳ್ದೋನು ಕರೀದು ಅಂತ? ನಿಮ್ಮಪ್ಪ ಸತ್ತಾಗ ನಿಮ್ಮವ್ವ ಏನುಟ್ಟಿದ್ಲು, ಲಾರ್ಬಿ? ನಾನೇ ಕಣೋ ಕೈಯಾರೆ ಉಡ್ಸಿದ್ದು," ಎಂದಳು ಹಮ್ಮುವಿನ ವಿಧವೆ ಇತ್ತೊ.

ಲಾರ್ಬಿ ಕಪ್ಪು ಕನ್ನಡಕ ಸರಿಮಾಡಿಕೊಂಡ. ಅವನ ಅವ್ವ ಉಟ್ಟಿದ್ದೂ ಬಿಳಿಯೇ. ನಮ್ಮಲ್ಲಿ ಗಂಡ ಸತ್ತವಳು ದುಃಖದ ದಿನಗಳು ಮುಗಿಯುವವರೆಗೆ ಬಿಳಿಯಲ್ಲೇ ಇರುತ್ತಾಳೆ. ಲಾರ್ಬಿಗೆ ಅದು ಗೊತ್ತಿಲ್ಲದ್ದೇನಲ್ಲ. ಅವನು ನಮ್ಮ ಹಳ್ಳಿಯವನೇ. ನಮ್ಮ ವರ್ಜಜಾತ್ ಪಟ್ಟಣಕ್ಕೆ ಬರುವ ಪರದೇಶದ ಟೀವಿ ಕಂಪನಿಗಳಿಗೆ ನಮ್ಮನ್ನು ಗುಂಪು ಗುಂಪಾಗಿ ಹಿಡಿದುಕೊಡುವ ದಲ್ಲಾಳಿ.

"ನಿಮ್ಮಂಥೋರಿಂದಾನೇ ಈ ಊರು ಉದ್ಧಾರ ಆಗ್ದೇ ಇರೋದು," ಎಂದು ಗೊಣಗಿದ. "ಹಾಳಾಗ್ಹೋಗು. ಹಿಂದುಗಡೆ ನಿಂತ್ಕೋ."

ಇತ್ತೊ ಹಿಂದೆ ಹೋಗಲಿಲ್ಲ. ನಾನು ಕೂತಿದ್ದ ಕಡೆಗೆ ಬಂದಳು. ಒಬ್ಬ ಹುಡುಗಿ ನನ್ನ ಕೆನ್ನೆಗೆ ಅಂಟು ಬಳಿದು ಗಡ್ಡ ಒತ್ತುತ್ತಿದ್ದಳು.

"ಬಾಸ್ಸು, ಇದು ನಿಮ್ಮಣ್ಣನ ಅಂಗಿ ಅಲ್ವಾ?"

ನಾನು ತಲೆ ತಗ್ಗಿಸಿದೆ. ಅಂಗಿ ಅವಳ ಗಂಡ, ನಾನು ಅಣ್ಣ ಎನ್ನುತ್ತಿದ್ದ ಹಮ್ಮುವಿನದಲ್ಲ, ಅದರಂತೆಯೇ ಹೊಲಿದ ಇನ್ನೊಂದು. ಅವನು ತೊಟ್ಟಿದ್ದು ಅವನ ಜೊತೆಗೇ ಸುಟ್ಟುಹೋಗಿತ್ತು.

ಕಂಪನಿಯವರು ಊರಾಚೆಯ ಬಯಲಿನಲ್ಲಿ ಪ್ಲಾಸ್ಟರಿನ ಪಟ್ಟಣ ಕಟ್ಟಿದ್ದಾರೆ. ಅದು ಒಮ್ಮೆ ಬಾಗ್ದಾದು, ಒಮ್ಮೆ ಕಾಬೂಲು. ನಾವು ಬೆಳಿಗ್ಗೆ ಒಂದರಲ್ಲಿ ಸತ್ತು, ಬೇಳೆ ಸಾರು ಬಾರ್ಲಿ ರೊಟ್ಟಿ ತಿಂದು, ಮಧ್ಯಾಹ್ನ ಇನ್ನೊಂದರಲ್ಲಿ ಸಾಯುತ್ತೇವೆ. ಆ ಸಲದ ಕಥೆಯಲ್ಲಿ ಪರದೇಶದ ನಾಯಕನೊಬ್ಬ ಬಾಂಬಿನವರನ್ನು ಹಿಡಿಯುತ್ತಾನೆ. ಹಮ್ಮು ಬಾಂಬಿನವನಾಗಿದ್ದ. ನಾನು, ತುದಾ, ಮುದುಕ ಮೂಹಾ ಒತ್ತೆಯಾಳುಗಳಾಗಿದ್ದೆವು. ಹಗ್ಗ ಸಡಿಲವಾಗಿ ಕಾಣುತ್ತದೆ ಎಂದು ನಿರ್ದೇಶಕ ಬೈದದ್ದರಿಂದ ನಮ್ಮ ಕೈಗಳನ್ನು ನಿಜವಾಗಿಯೇ ಬಿಗಿದಿದ್ದರು.

ಉರಿ ಕಾಣಿಸಲಿ ಎಂದು ಗೋಡೆಯುದ್ದಕ್ಕೂ ಗ್ಯಾಸಿನ ಕೊಳವೆ ಎಳೆದಿದ್ದರು. ಥರ್ಮಾಕೋಲಿನ ಗೋಡೆಗೆ ಬೆಂಕಿ ಹತ್ತಿಕೊಂಡಿತು. ಹಗ್ಗ ಬಿಗಿದವರೆಲ್ಲ ಹೊರಗೆ ಓಡಿದರು. ಒಳಗೆ ಓಡಿ ಬಂದವನು ಹಮ್ಮು ಒಬ್ಬನೇ. ಮೈಗೆ ಮಣ್ಣಿನ ಬಾಂಬು ಕಟ್ಟಿಕೊಂಡು, ಅಂಟಿಸಿದ ಗಡ್ಡ ಹೊಗೆಯಾಡುತ್ತಿರುವಾಗಲೇ ಬಂದ. ಮೊದಲು ನನ್ನನ್ನು ಎಳೆದು ಹಾಕಿದ. ಆಮೇಲೆ ತುದಾಳನ್ನು. ಮುದುಕನನ್ನು ಬಾಗಿಲಾಚೆಗೆ ನೂಕುವಷ್ಟರಲ್ಲಿ ಮೇಲಿನ ತೊಲೆ ಬಿತ್ತು. ಇಷ್ಟಾದರೂ ಕ್ಯಾಮೆರಾ ನಿಲ್ಲಲಿಲ್ಲ.

ಅವನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದರು. ಮುಖ ನೋಡಬೇಡ ಎಂದು ಇತ್ತೊಳನ್ನು ಹಿತ್ತಿಲ ಕೋಣೆಯಲ್ಲಿ ಕೂರಿಸಿದರು. ಗಂಡಸರೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿದೆವು. ಅವತ್ತು ಲಾರ್ಬಿ ಎಲ್ಲರೆದುರು ಹೇಳಿದ್ದ: "ಅಳಬ್ಯಾಡವ್ವ. ನಿನ್ ಗಂಡ ಜನ ಉಳಿಸಿದ್ದು ಕ್ಯಾಮೆರಾದಾಗೈತೆ. ಲೋಕಾನೇ ನೋಡ್ತದೆ."

ಆಮೇಲೆ ಅವಳ ಮನೆಗೆ ಯಾರೂ ಹೋಗುತ್ತಿರಲಿಲ್ಲ. ಹೋದರೆ ಕಂಪನಿಯ ಕೆಲಸ ತಪ್ಪುತ್ತದೆಂಬ ಹೆದರಿಕೆ. ನಾನೂ ಹೋಗಲಿಲ್ಲ. ಅವಳ ಮನೆಯ ಹೊಗೆಗೂಡಿನಿಂದ ಹೊಗೆ ಏಳುವುದನ್ನು ದೂರದಿಂದ ನೋಡಿ, ಇದ್ದಾಳೆ ಅಂದುಕೊಳ್ಳುತ್ತಿದ್ದೆ.

ಗಂಡ ಸತ್ತ ದುಃಖದಲ್ಲಿ ಹೊರಗೆ ಕಾಲಿಡಬಾರದ ದಿನಗಳಲ್ಲೂ ಅವಳು ಶೂಟಿಂಗಿಗೆ ಬಂದಿದ್ದು ಲಾರ್ಬಿಯ ಆ ಒಂದು ಮಾತು ಹಿಡಿದುಕೊಂಡೇ.

"ಎಲ್ಲಿ ತೋರ್ಸು," ಎಂದು ಲಾರ್ಬಿಯ ಮುಂದೆ ಹೋಗಿ ನಿಂತಳು. "ಅಂವ ಎತ್ಕೊಂಡು ಬಂದಿದ್ದು ತೋರ್ಸು. ನೋಡ್ಕೊಂಡು ಹೊಂಟೋಗ್ತೀನಿ."

ಲಾರ್ಬಿ ಸುತ್ತ ನೋಡಿದ. ನಿರ್ದೇಶಕ ಛತ್ರಿಯ ಕೆಳಗೆ ಕಿವಿಗೆ ಯಂತ್ರ ಹಾಕಿಕೊಂಡು ಕೂತಿದ್ದ.

"ಒಳಗ್ ಓಡೋದು ಮಾತ್ರ ಮಡಿಕ್ಕಂಡವ್ರೆ ಅತ್ತಿಗೆ. ಬೆಂಕಿ ಹಚ್ಚಕ್ಕೆ ಓಡ್ತಾವ್ನೆ ಅನ್ನೋ ಹಂಗೆ. ಆಚೆಗ್ ತರೋದು ನಾಯಕ. ಅದ್ನ ಇವತ್ತು ತೆಗೀತಾರೆ."

"ಅಂದ್ರೆ?"

"ಕಥೆ ಕಣವ್ವ! ಕಥೆ! ಬಾಂಬಿಂದೋನು ಜನ ಉಳಿಸ್ದ ಅಂದ್ರೆ ಯಾವೋನ್ ನಂಬ್ತಾನೆ? ನಾಯಕ ಆಚೆಗ್ ಬಂದಾಗ ನೀನು ಅವ್ನ ಕೈಗೆ ಮುತ್ತಿಡ್ಬೇಕು. ಕಣ್ಣಾಗ್ ನೀರ್ ಬರ್ಲಿ ಅಂತಾನೇ ನಿನ್ನ ಕರ್ಸಿದ್ದು."

ಇತ್ತೊ ಕೂಗಾಡುತ್ತಾಳೆ ಅಂದುಕೊಂಡೆ. ಅವಳು ನನ್ನ ಕಡೆ ತಿರುಗಿದಳು.

"ನಿನ್ನ ಎಳ್ದು ಹಾಕ್ದೋನು ಯಾರೋ ಬಾಸ್ಸು?"

ಅಂಟು ಒಣಗಿ ಕೆನ್ನೆ ಬಿಗಿದಿತ್ತು. ಬಾಯಿ ತೆರೆದಿದ್ದರೆ ತೆರೆಯುತ್ತಿತ್ತು. ನಾನು ತೆರೆಯಲಿಲ್ಲ. ಲಾರ್ಬಿ ನನ್ನನ್ನೇ ನೋಡುತ್ತಿದ್ದ. ತುದಾ ಮುಖ ಮುಚ್ಚಿಕೊಂಡಳು. ಮೂಹಾ ನೆಲ ಕೆರೆಯತೊಡಗಿದ.

"ಸರಿ," ಎಂದಳು ಇತ್ತೊ.

ನನ್ನನ್ನು ಬೀದಿಯಲ್ಲಿ ಅಂಗಾತ ಮಲಗಿಸಿದರು. ಹಮ್ಮುವಿನ ಬದಲು ನಾನೇ ಸತ್ತ ಬಾಂಬಿನವ. ನಾಯಕ ಹೊಗೆಯಿಂದ ಹೊರಗೆ ಬಂದ. ಕೈಯಲ್ಲಿ ತುದಾ ಇದ್ದಳು. ನಾಲ್ಕು ಹೆಜ್ಜೆಗೇ ಏದುಸಿರು ಬಿಟ್ಟು ಅವಳನ್ನು ಇಳಿಸಿದ. ಮತ್ತೆ ತೆಗೆದರು. ಮತ್ತೆ ಇಳಿಸಿದ. ಕೊನೆಗೆ ಅವಳ ಬದಲು ಬಟ್ಟೆಯ ಬೊಂಬೆ ಕೊಟ್ಟರು. ನಮ್ಮವರು ಯಾರೋ ನಕ್ಕರು. "ಯಾವೋನ್ಲಾ ನಗೋನು, ಸೂಳೆಮಗ!" ಎಂದ ಲಾರ್ಬಿ.

ಬೊಂಬೆ ಹೊತ್ತು ನಾಯಕ ಸರಾಗವಾಗಿ ಬಂದ. ನನ್ನ ಹತ್ತಿರ ನಿಂತು, ಬೂಟಿನ ತುದಿಯಿಂದ ನನ್ನ ಮುಖವನ್ನು ಆಚೆ ತಳ್ಳಿದ. ಹಲ್ಲಿಗೆ ಮಣ್ಣು ತಾಗಿತು.

ಆಗ ನೆಲದಿಂದಲೇ ಬಿಳಿಯ ಅಂಚೊಂದು ಕಂಡಿತು. ಇತ್ತೊ ಗುಂಪಿನಿಂದ ಹೊರಗೆ ಬಂದಿದ್ದಳು. ನಾಯಕ ಮುತ್ತಿಗೆಂದು ಕೈ ಚಾಚಿದ. ಅವಳು ಅದನ್ನು ದಾಟಿ ಬಂದು ನನ್ನ ಪಕ್ಕ ಕುಳಿತಳು. ಹೆಗಲ ಕೆಳಗೆ ಕೈ ಹಾಕಿ ನನ್ನನ್ನು ಬಲ ಮಗ್ಗುಲಿಗೆ ಹೊರಳಿಸಿದಳು. ಮುಖ ಮೆಕ್ಕಾದ ಕಡೆಗೆ ತಿರುಗಿಸಿದಳು. ಗೋರಿಯಲ್ಲಿ ಹೆಣವನ್ನು ಹಾಗೆ ಮಲಗಿಸುತ್ತಾರೆ. ಹಮ್ಮುವಿಗೆ ಅದನ್ನು ಮಾಡಿದ್ದು ನಾವು. ಅವಳು ನೋಡಿರಲಿಲ್ಲ. ಹಲ್ಲಿಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಗಡ್ಡಕ್ಕೆ ಕೈ ಹಾಕಿ ಒಂದೇ ಸಲಕ್ಕೆ ಕಿತ್ತಳು. ಚರ್ಮವೂ ಬಂತು.

"ನನ್ ಗಂಡಂಗೆ ಗಡ್ಡ ಇರ್ಲಿಲ್ಲ," ಎಂದಳು. ಯಾರಿಗೆ ಹೇಳಿದಳೋ. ಕ್ಯಾಮೆರಾ ಓಡುತ್ತಲೇ ಇತ್ತು.

"ಎಳೀರೋ ಆ ಮುಂಡೇನ!" ಎಂದು ಲಾರ್ಬಿ ಓಡಿ ಬಂದ. ಎಳೆಯಲು ಯಾರೂ ಏಳಲಿಲ್ಲ. ಅವಳೇ ಎದ್ದಳು. ಗಡ್ಡವನ್ನು ನಾಯಕನ ಚಾಚಿದ ಕೈಯಲ್ಲಿಟ್ಟು, ಪ್ಲಾಸ್ಟರಿನ ಹೆಬ್ಬಾಗಿಲ ಕಡೆ ನಡೆದಳು. ಆ ಬಾಗಿಲಾಚೆ ಊರಿಲ್ಲ, ಬರೀ ಬಯಲು. ಕಂಪನಿಯ ಗಾಡಿ ಹೊರಡುವುದು ಸಂಜೆಗೆ. ಅವಳು ಕಾಯಲಿಲ್ಲ. ಆ ಸಂಜೆ ಅವಳ ಹೊಗೆಗೂಡಿನಲ್ಲಿ ಹೊಗೆ ಏಳಲಿಲ್ಲ. ಇವತ್ತಿನವರೆಗೂ ಎದ್ದಿಲ್ಲ.

ಅವಳು ತಿರುಗಿಸಿದ ಕಡೆಗೇ ಹೆಬ್ಬಾಗಿಲು ಇದ್ದದ್ದರಿಂದ, ಮಲಗಿದಲ್ಲಿಂದಲೇ ನನಗೆ ಎಲ್ಲ ಕಾಣುತ್ತಿತ್ತು. ಬಿಳಿ ಸಣ್ಣದಾಯಿತು. ಇನ್ನೂ ಸಣ್ಣದಾಯಿತು.

"ಏಯ್ ಹೆಣ! ಅಂಗಾತ ಆಗ್ಲಾ!" ಲಾರ್ಬಿ ಬೂಟುಗಾಲಿನಲ್ಲಿ ಬೆನ್ನಿಗೆ ಒದ್ದ. "ಇನ್ನೊಂದ್ ಸಲ ತೆಗೀಬೇಕು. ಹೊಳ್ಳು!"

ನಾನು ಹೊರಳಲಿಲ್ಲ.