ತೇಲುವ ಕೆಸರು

ಕೆರೆಯ ತಳದಲ್ಲಿ ವಿಷ ಸೇರಿದ ಕೆಸರು ಎಷ್ಟಿದೆಯೆಂದು ಲೆಕ್ಕ ಹಾಕಲು ಕೂತ ಇಂಜಿನಿಯರಮ್ಮನಿಗೆ ತಲೆ ಕೆಟ್ಟುಹೋಗಿತ್ತು. ಕಂಪ್ಯೂಟರಿನ ನಕ್ಷೆಯಲ್ಲಿ ಅರ್ಧ ಕೆಸರು ತಳ ಬಿಟ್ಟು, ನೀರಿನ ನಡುವೆ ಮೋಡದಂತೆ ತೇಲುತ್ತಿತ್ತು. ದೋಣಿಯಲ್ಲಿ ಹೋಗಿ ಕೆಸರಿನ ಮಾದರಿ ತಂದವನಿಗೆ ಫೋನ್ ಮಾಡಿದಳು.

“ಅಣ್ಣಾ, ಆಳ ಎಲ್ಲಿಂದ ಅಳೆದ್ರಿ?”

“ನೀರಿನ ಮೇಲಿಂದ ಹಗ್ಗ ಬಿಟ್ಟು, ಅಕ್ಕಾ.”

“ಅಳತೆ ಅರ್ಧ ಆಗಿದ್ದಾಗ ನೀರು ಬಿಡೋಕೆ ತೂಬು ತೆಗೆದಿದ್ರಲ್ಲ, ಕೆರೆ ನೀರು ಇಳೀಲಿಲ್ವಾ?”

“ಇಳೀತು! ಅದಕ್ಕೇ ಆಮೇಲೆ ಹಗ್ಗ ಕಮ್ಮಿ ಸಾಕಾಯ್ತು.”

ನೀರು ಇಳಿದ ಮೇಲೆ ಅಳೆದ ಆಳವೆಲ್ಲ ಕಮ್ಮಿ ಬಂದು, ನಕ್ಷೆಯಲ್ಲಿ ಆ ಕೆಸರು ಮೇಲೆದ್ದಿತ್ತು; ನೀರು ಎಷ್ಟು ಇಳಿಯಿತೆಂದು ಯಾರೂ ಬರೆದಿಟ್ಟಿರಲಿಲ್ಲ. ಅವಳು ಹಣೆ ಹಣೆ ಚಚ್ಚಿಕೊಂಡಳು. ಇನ್ನು ಎಲ್ಲವನ್ನೂ ಮೊದಲಿಂದ ಅಳೆಯಬೇಕು.

ಅಷ್ಟರಲ್ಲಿ ಹಿಂದಿನಿಂದ ನಕ್ಷೆಯನ್ನು ಇಣುಕಿ ನೋಡಿದ ಸಾಹೇಬರ ಮುಖ ಅರಳಿತು.

“ಅರೆ, ಮೇಲೇ ತೇಲ್ತಿದೆ! ತಳ ಅಗೆಯೋದೇ ಬೇಡ, ಬಲೆ ಹಾಕಿ ಎತ್ತಿಬಿಡೋಣ. ಇಷ್ಟು ಒಳ್ಳೇ ಸುದ್ದಿ ಇಟ್ಕೊಂಡು ಯಾಕಮ್ಮಾ ಮುಖ ಗಂಟು ಹಾಕ್ಕೊಂಡಿದ್ದೀರಾ?”