ನೀಲಕ್ಕನ ಕಾರಿಗೆ ಮುನ್ನೂರು ಕುದುರೆ

ನಾನೊಂದು ಇಂಜಿನ್. ಹೀಗೆ ಸುಮ್ಮನೆ ಹೇಳಿಕೊಳ್ಳಲು ನನಗೇ ಸಿಟ್ಟು ಬರುತ್ತದೆ, ಏಕೆಂದರೆ ಬಾವಿಯ ನೀರೆತ್ತುವ ಪಂಪನ್ನೂ ಜನ ಇಂಜಿನ್ ಎಂದೇ ಕರೆಯುತ್ತಾರೆ. ನಾನು ಆರು ಸಿಲಿಂಡರಿನವನು. ಮುನ್ನೂರು ಕುದುರೆಗಳ ಬಲ ನನ್ನದು. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಬಿಳಿ ಕೈಗವಸು ತೊಟ್ಟವರು ನನ್ನನ್ನು ಜೋಡಿಸಿದರು. ನಾನು ಮೊದಲ ಸಲ ಗುಡುಗಿದಾಗ ಅವರೆಲ್ಲ ಕಿವಿ ಮುಚ್ಚಿಕೊಂಡರು. ಮನುಷ್ಯರಿಂದ ನನಗೆ ಸರಿಯಾದ ಮರ್ಯಾದೆ ಸಿಕ್ಕಿದ್ದು ಆ ಒಂದು ಸಲ ಮಾತ್ರ.

ನನ್ನ ಮೊದಲ ಯಜಮಾನ ಹುಬ್ಬಳ್ಳಿಯ ಒಬ್ಬ ಗುತ್ತಿಗೆದಾರ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ; ಇವನು ನನ್ನ ಕಾರನ್ನು ಕೊಂಡ. ಮನೆಯಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಮನೆಗೆ. ನಡುವೆ ಎಮ್ಮೆ, ಟಂಟಂ ಆಟೊ, ಅಗೆದು ಬಿಟ್ಟ ರಸ್ತೆ. ಎರಡನೇ ಗೇರಿನ ಆಚೆ ಏನಿದೆಯೆಂದು ಆ ಮಹಾಶಯ ನನಗೆ ತೋರಿಸಲೇ ಇಲ್ಲ. ಕೊನೆಗೊಂದು ದಿನ ಹಿಂದಕ್ಕೆ ತೆಗೆಯಲು ಹೋಗಿ ವಿದ್ಯುತ್ ಕಂಬಕ್ಕೆ ಬಡಿದ. ಕಂಬ ಮುರಿದು ಕಾರಿನ ನೆತ್ತಿಯ ಮೇಲೆ ಬಿತ್ತು. ಕಾರು ಸತ್ತಿತು, ಅವನು ಉಳಿದ. ನಾನು ಗುಜರಿ ಅಂಗಡಿಗೆ ಬಂದೆ.

ಅಲ್ಲಿಗೆ ಗದಗಿನ ಚನ್ನವೀರ ಬಂದ. ಫೋನಿನಲ್ಲಿ ಕಾರುಗಳ ವಿಡಿಯೊ ನೋಡಿ ನೋಡಿ ಪಂಡಿತನಾದ ಗಂಡು. ಅವನ ಅಕ್ಕ ನೀಲಾಂಬಿಕಾ ಹೆಂಗಸರಿಗೆ ಕಾರು ಕಲಿಸುವ ಶಾಲೆ ನಡೆಸುತ್ತಿದ್ದಳು. ಶಾಲೆಗಿದ್ದದ್ದು ಒಂದೇ ಕಾರು, ಹಳೆಯ ಅಂಬಾಸಿಡರ್. ಅದರ ಇಂಜಿನ್ ಕೆಟ್ಟು ಕೂತಿತ್ತು. ಬೇರೆ ಇಂಜಿನ್ ತಂದು ಕೂರಿಸುವೆನೆಂದು ತಮ್ಮ ಮಾತು ಕೊಟ್ಟು ಬಂದಿದ್ದ.

ಅಂಗಡಿಯ ಇಮಾಮಸಾಬ ನನ್ನ ಪಕ್ಕದಲ್ಲಿದ್ದ ಒಂದು ಪುಟ್ಟ ಇಂಜಿನ್ನನ್ನು ತೋರಿಸಿದ. "ನಿಮ್ಮ ಗಾಡಿಗೆ ಇದ ಹೊಂದತೈತ್ರಿ."

"ಎಷ್ಟ ಹಾರ್ಸ್‌ಪವರ್?"

"ಐವತ್ತ ಐತ್ರಿ."

"ಐವತ್ತಾ? ನಮ್ಮ ದೋಸ್ತನ ಬೈಕಿಗೇ ಇದಕಿಂತ ಹೆಚ್ಚ ಐತಿ! ಅದೆಷ್ಟು, ಆ ದೊಡ್ಡದು?"

"ಮುನ್ನೂರು." ಇಮಾಮಸಾಬನ ಕಣ್ಣು ಹೊಳೆಯಿತು. ನನ್ನನ್ನು ಯಾವ ಹುಚ್ಚನ ಕೊರಳಿಗೆ ಕಟ್ಟಲಿ ಎಂದು ಅವನು ಕಾಯುತ್ತಲೇ ಇದ್ದ. "ನಿಮ್ಮಂಥಾ ಗಂಡಸರಿಗೆ ಇದ ಸರಿ ನೋಡ್ರಿ."

ಗಂಡಸು ಎಂದದ್ದೇ ತಡ, ವ್ಯಾಪಾರ ಕುದುರಿತು. ನನ್ನ ಉದ್ದ ಎಷ್ಟು, ತೂಕ ಎಷ್ಟು ಎಂದು ಕೇಳಲಿಲ್ಲ. ನನ್ನನ್ನು ನಿಲ್ಲಿಸುವುದು ಹೇಗೆ ಎಂದಂತೂ ಕೇಳಲೇ ಇಲ್ಲ. ಸದ್ದು ಹೇಗಿದೆ ಎಂದು ಕೇಳಿದ.

ನೀಲಕ್ಕ ನನ್ನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು. "ಏ ಚನ್ನ್ಯಾ, ನಾ ಏನ್ ಕುದುರಿ ಲಾಯ ನಡಸಾಕತ್ತೇನೇನು? ಕ್ಲಚ್ ಬಿಡೂದ ಕಲಸಾಕ ನನಗೊಂದ ಗಾಡಿ ಬೇಕೋ."

"ನೀ ಸುಮ್ನಿರಕ್ಕಾ. ಇದು ಪ್ರಾಜೆಕ್ಟ್ ಕಾರು, ವಿಡಿಯೊದಾಗ ಮಾಡ್ತಾರಲ್ಲ ಹಂಗ."

"ಪ್ರಾಜೆಕ್ಟ್ ನಿಂದು. ಕಾರ್ ನಂದು. ದಸರಾ ಮುಗದ ಕೂಡ್ಲೆ ಕಸ್ತೂರೆವ್ವನ ಪರೀಕ್ಷಾ ಐತಿ. ಲೈಸನ್ಸ್ ಸಿಗಲಿಲ್ಲಂದ್ರ ಆಕಿ ಕೆಲಸ ಇನ್ನೊಬ್ಬರ ಪಾಲಾಗತೈತಿ."

ಕಸ್ತೂರೆವ್ವ ನೀಲಕ್ಕನ ಶಿಷ್ಯೆ. ಗಂಡ ಬಿಟ್ಟು ಹೋದವಳು. ಅವಳ ಹಳ್ಳಿಯ ಪಂಚಾಯಿತಿಯವರು ಕಸ ಒಯ್ಯುವ ಗಾಡಿ ಓಡಿಸಲು ಅವಳನ್ನು ಆರಿಸಿದ್ದರು. ಲೈಸನ್ಸ್ ಒಂದೇ ಬಾಕಿ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಕಸದ ಗಾಡಿಯ ಡ್ರೈವರಮ್ಮ ನನ್ನ ಮೇಲೆ ಕೈ ಪಳಗಿಸಬೇಕೇ?

ಚನ್ನವೀರ ನನಗಾಗಿ ಕಾರಿನ ಎದೆಗೂಡನ್ನೇ ಕೊಯ್ಸಿದ. ಆದರೂ ಬಾನೆಟ್ಟು ಮುಚ್ಚಲಿಲ್ಲ. ಅದಕ್ಕೂ ತೂತು ಬಿತ್ತು. ಆ ತೂತಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡ. ಬ್ರೇಕು ಮಾತ್ರ ಹಳೆಯದೇ ಉಳಿಯಿತು. "ಅದನ್ನ ಆಮ್ಯಾಲ ನೋಡೂಣು" ಎಂದ. ಆಯುಧಪೂಜೆಯ ಖಂಡೇನವಮಿ ಬಂದೇಬಿಟ್ಟಿತ್ತು.

ಖಂಡೇನವಮಿಯಂದು ಗಾಡಿಗೆ ಪೂಜೆ ಮಾಡಿ, ಗಾಲಿಗೊಂದರಂತೆ ನಿಂಬೆಹಣ್ಣಿಟ್ಟು, ಅವುಗಳ ಮೇಲೆ ಮೆಲ್ಲಗೆ ಹಾಯಿಸುವುದು ಇಲ್ಲಿನ ಪದ್ಧತಿ. ನನ್ನ ಮೂತಿಗೆ ವಿಭೂತಿ ಬಳಿದರು, ಚೆಂಡುಹೂವಿನ ಮಾಲೆ ಹಾಕಿದರು. ಕಲಿಯುವ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಆರತಿ ಬೆಳಗಿದ ಕಸ್ತೂರೆವ್ವ ತಟ್ಟೆ ಹಿಡಿದು ಕಾರಿನೆದುರೇ ನಿಂತಿದ್ದಳು. ಚನ್ನವೀರ ಸ್ಟೇರಿಂಗ್ ಹಿಡಿದ. ನೀಲಕ್ಕ ಅಭ್ಯಾಸದಂತೆ ಎಡಗಡೆ ಕೂತಳು. ಕಲಿಸುವವರಿಗೆಂದು ಅಲ್ಲಿ ಇನ್ನೊಂದು ಕ್ಲಚ್ಚು, ಇನ್ನೊಂದು ಬ್ರೇಕು ಇದ್ದವು. ಪೂಜೆಯಾದ್ದರಿಂದ ಅವಳದು ಬರಿಗಾಲು.

"ಸರೀಬೇ, ಕಸ್ತೂರಿ" ಎಂದಳು ನೀಲಕ್ಕ.

ಅವಳು ಸರಿಯುವ ಮೊದಲೇ ತಮ್ಮರಾಯ ಸದ್ದು ಕೇಳಿಸುವ ಹುಮ್ಮಸ್ಸಿಗೆ ಕಾಲೊತ್ತಿದ. ಮಂಗನ ಕೈಗೆ ಮಾಣಿಕ್ಯ ಕೊಟ್ಟರೆ ಇನ್ನೇನಾದೀತು? ನಾನು ಚಂಗನೆ ಹಾರಿದೆ. ಗಾಲಿಗಳಡಿ ನಾಲ್ಕೂ ನಿಂಬೆಹಣ್ಣು ಅಪ್ಪಚ್ಚಿಯಾದವು. ಇಷ್ಟು ವರ್ಷ ಕಟ್ಟಿಹಾಕಿದ್ದ ಕುದುರೆಗಳೆಲ್ಲ ಒಮ್ಮೆಗೇ ಕಿತ್ತುಕೊಂಡವು. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಆರತಿ ತಟ್ಟೆ ನನ್ನ ಮೂತಿಗೆ ಬಡಿದು ಹಾರಿತು.

ಅಷ್ಟರಲ್ಲಿ ಕಾರು ನಿಂತಿತು. ನೀಲಕ್ಕನ ಎರಡೂ ಬರಿಗಾಲು ಪೆಡಲುಗಳ ಮೇಲಿದ್ದವು. ನಾನು ಅರಚಿದೆ, ಹೊಗೆ ಕಾರಿದೆ. ಗಾಲಿ ಒಂದಿಷ್ಟೂ ಅಲುಗಲಿಲ್ಲ. ಕಸ್ತೂರೆವ್ವನ ಸೀರೆಯ ನೆರಿಗೆ ನನ್ನ ಬಂಪರಿಗೆ ತಾಕುತ್ತಿತ್ತು. ಚನ್ನವೀರನ ಕಾಲು ಇನ್ನೂ ಎಕ್ಸಿಲರೇಟರನ್ನು ಒತ್ತಿಕೊಂಡೇ ಇತ್ತು. ನೀಲಕ್ಕ ಕೈ ಚಾಚಿ ಕೀಲಿ ತಿರುಗಿಸಿ ನನ್ನ ಬಾಯಿ ಮುಚ್ಚಿಸಿದಳು.

ಮರುದಿನ ವಿಜಯದಶಮಿ. ಚನ್ನವೀರ ತಲೆ ತಗ್ಗಿಸಿಕೊಂಡು ಅಕ್ಕನಿಗೆ ಬನ್ನಿ ಕೊಡಲು ಬಂದ. "ಬನ್ನಿ ತಗೋ ಅಕ್ಕಾ, ಬಂಗಾರದಂಗ ಇರೂಣು."

ನೀಲಕ್ಕ ಕೈ ಒಡ್ಡಲಿಲ್ಲ. "ಬನ್ನಿ ಆಮ್ಯಾಲ. ಮೊದಲ ಅದನ್ನ ಇಳಸು."

ಇಳಿಸಿದ. ಇಮಾಮಸಾಬನಲ್ಲಿಗೆ ಹೋಗಿ ಆ ಐವತ್ತರ ಪುಟಗೋಸಿಯನ್ನೇ ತಂದು ಕೂರಿಸಿದ. ಅಕ್ಕ ಬನ್ನಿ ತೆಗೆದುಕೊಂಡದ್ದು ಅದು ಚಾಲೂ ಆದ ಮೇಲೆ. ಎಲೆಗಳು ಅಷ್ಟರಲ್ಲಿ ಒಣಗಿದ್ದವು. ಕಸ್ತೂರೆವ್ವ ಅದರಲ್ಲೇ ಪರೀಕ್ಷೆ ಕೊಟ್ಟು ಪಾಸಾದಳು.

ಈಗ ನಾನು ಶಾಲೆಯ ಮೂಲೆಯಲ್ಲಿದ್ದೇನೆ. ಪಾಠಕ್ಕಾಗಲೆಂದು ನೀಲಕ್ಕ ನನ್ನ ಒಂದು ಮಗ್ಗುಲು ಕೊಯ್ಸಿ, ಒಳಗೆ ಕೆಂಪು ನೀಲಿ ಬಣ್ಣ ಬಳಿಸಿದ್ದಾಳೆ. ಕಲಿಯಲು ಬಂದವರು ಕೋಲಿನಿಂದ ನನ್ನ ಹೊಟ್ಟೆ ತಿವಿಯುತ್ತಾರೆ. ಹೊರಗೆ ಪುಟಗೋಸಿ ಕೆಮ್ಮುತ್ತ ಹೋಗುತ್ತದೆ, ಬರುತ್ತದೆ. ಅದರ ಸದ್ದು ಈಗಲೂ ನನಗೆ ಹೇಸಿಗೆ. ಆದರೆ ಅದು ದಿನಾ ಹೊರಗೆ ಹೋಗುತ್ತದೆ.

ಮೊನ್ನೆ ಹೊಸಬಳೊಬ್ಬಳು ಕೇಳಿದಳು: "ಇದರಾಗ ಎಷ್ಟ ಹಾರ್ಸ್‌ಪವರ್ ಐತ್ರಿ ಮೇಡಂ?"

"ಮುನ್ನೂರು" ಎಂದಳು ನೀಲಕ್ಕ.

ಹುಡುಗಿ ಕಣ್ಣರಳಿಸಿದಳು. ಬಹಳ ದಿನಗಳ ಮೇಲೆ ನನ್ನ ಎದೆ ಉಬ್ಬಿತು.

"ಅಬ್ಬಾ! ನಿಮ್ಮ ಗಾಡ್ಯಾಗ ಎಲ್ಲೀತನಾ ಓಡೇತ್ರಿ ಇದು?"

"ನಾಕ ಲಿಂಬಿಹಣ್ಣಿನ ಮ್ಯಾಲ" ಎಂದಳು ನೀಲಕ್ಕ, ಮತ್ತು ಕೋಲನ್ನು ನನ್ನ ಮುಂದಿನ ಸಿಲಿಂಡರಿಗೆ ಇಟ್ಟು ಪಾಠ ಮುಂದುವರಿಸಿದಳು.