ಆಮೇಲೆ ಮಳೆ ಬಂತಾ?

ಹೊಸಕೆರೆಹಳ್ಳಿಯ ನಂದಕುಮಾರ್ ಹನ್ನೊಂದು ದೇಶಗಳ ಆಕಾಶ ಕಂಡವನು. ನೆಲ ಎಷ್ಟು ಕಂಡ ಎಂದು ಮಾತ್ರ ಕೇಳಬಾರದು. ಎಲ್ಲಿಗೆ ಹೋದರೂ ಅವನ ಕತ್ತು ಮೇಲಕ್ಕೇ ಇರುತ್ತಿತ್ತು, ಅದರ ಮುಂದೆ ಕ್ಯಾಮೆರಾ. ಅಪ್ಪ ರಾಗಿ ಬಿತ್ತುತ್ತಿದ್ದ ಹೊಲದಲ್ಲಿ ಈಗ ಮೂರಂತಸ್ತಿನ ಮನೆ ಎದ್ದಿದೆ, ಮೇಲಿನೆರಡು ಅಂತಸ್ತಿನ ಬಾಡಿಗೆ ವರ್ಷಕ್ಕೊಂದು ಸಲ ಅವನನ್ನು ವಿಮಾನ ಹತ್ತಿಸುತ್ತದೆ. ಬೆಂಗಳೂರಿನ ಆಕಾಶ ಯಾಕೆ ತೆಗೆಯುವುದಿಲ್ಲ ಎಂದು ಯಾರಾದರೂ ಕೇಳಿದರೆ, "ಅಲ್ಲೇನಿದೆ ಗುರು? ವೈರು, ಸಿಂಟೆಕ್ಸ್ ಟ್ಯಾಂಕು" ಎಂದು ನಗುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಪೈಕಿ ಅವನು ಮೊದಲನೆಯವನು.

ಊರೆಲ್ಲ ಮೆಚ್ಚಿದ ಚಿತ್ರಗಳನ್ನು ಮನೆಯಲ್ಲಿ ಒಬ್ಬಳು ಮೆಚ್ಚಿರಲಿಲ್ಲ. ಅವಳು ಅವನ ತಾಯಿ ಬೈರಮ್ಮ. ವಯಸ್ಸು ಎಪ್ಪತ್ತಾರು. ಪ್ರತಿ ಪ್ರವಾಸ ಮುಗಿಸಿ ಬಂದವನು ಮೊದಲು ಅವಳ ಪಕ್ಕ ಕೂತು ಫೋನು ಹಿಡಿಯುತ್ತಿದ್ದ. ಅವಳು ಕನ್ನಡಕ ಏರಿಸಿ, ಬಿಡಿಸುತ್ತಿದ್ದ ಅವರೆಕಾಯಿಯನ್ನು ಮಡಿಲಿಗೆ ಹಾಕಿಕೊಂಡು ನೋಡುವಳು.

"ಇದು ಯಾವ ದಿಕ್ಕಿನ ಮುಗಿಲು?"

"ದಿಕ್ಕೆಲ್ಲ ಯಾರಿಗೆ ಗೊತ್ತವ್ವ. ನಾರ್ವೆದು."

"ಗಾಳಿ ಯಾವ ಕಡೆಯಿಂದ ಬೀಸ್ತಿತ್ತು?"

"ಗೊತ್ತಿಲ್ಲ. ಕಲರ್ ನೋಡವ್ವ, ಕಲರ್!"

"ಹೂಂ. ಆಮೇಲೆ ಮಳೆ ಬಂತಾ?"

ಮಳೆ ಬಂತೋ ಇಲ್ಲವೋ ನಂದಕುಮಾರನಿಗೆ ಹೇಗೆ ಗೊತ್ತಾಗಬೇಕು? ಚಿತ್ರ ಸಿಕ್ಕ ತಕ್ಷಣ ಸ್ಟ್ಯಾಂಡು ಮಡಚಿ ಮುಂದಿನ ಊರಿನ ಬಸ್ಸು ಹತ್ತುತ್ತಿದ್ದವನು ಅವನು. ಬೈರಮ್ಮ ಫೋನು ವಾಪಸು ಕೊಟ್ಟು, "ಚೆನ್ನಾಗೈತೆ ಬಿಡು" ಎಂದು ಮತ್ತೆ ಅವರೆಕಾಯಿಗೆ ಕೈಹಾಕುವಳು. ಆ "ಬಿಡು" ಅವನನ್ನು ನೋಯಿಸುತ್ತಿತ್ತು. ಐವತ್ತೆರಡು ವರ್ಷದ ಗಂಡಸು, ಮಗಳ ಮದುವೆ ಮಾಡಿ ಮುಗಿಸಿದವನು, ಅವ್ವ ಒಂದು ಚಿತ್ರವನ್ನಾದರೂ ಎರಡು ನಿಮಿಷ ನೋಡಲಿ ಎಂದು ಹಪಹಪಿಸುತ್ತಿದ್ದ. ಹಾಗೆಂದು ಯಾರಿಗೂ ಹೇಳಿಕೊಂಡಿರಲಿಲ್ಲ, ಅಷ್ಟೆ.

ಈ ವರ್ಷ ಅವನಿಗೆ ಶುಕ್ರದೆಸೆ. ಜಯನಗರದಲ್ಲಿ 'ಮುಗಿಲು ಬಳಗ' ಎಂಬ ಛಾಯಾಗ್ರಾಹಕರ ಸಂಘವಿದೆ. ವರ್ಷಕ್ಕೊಮ್ಮೆ ಆಕಾಶದ ಚಿತ್ರಗಳ ಪ್ರದರ್ಶನ ನಡೆಸಿ, ಹೊರದೇಶದ ಆಕಾಶಕ್ಕೆ ಒಂದು, ನಮ್ಮೂರಿನ ಆಕಾಶಕ್ಕೆ ಒಂದು ಬಹುಮಾನ ಕೊಡುತ್ತಾರೆ. ಹೊರದೇಶದ ಬಹುಮಾನಕ್ಕೆ ನಂದಕುಮಾರ್ ಆರು ವರ್ಷದಿಂದ ಹೋರಾಡುತ್ತಿದ್ದ. ಏಳನೆಯ ಸಲ ಗೆದ್ದ. ಗೆದ್ದ ಚಿತ್ರ ಎರಡು ವರ್ಷದ ಹಿಂದಿನ ಐಸ್‌ಲ್ಯಾಂಡ್ ಪ್ರವಾಸದ್ದು. ಗೋಪುರದ ಹಾಗೆ ಎದ್ದ ಮೋಡ, ಅದರ ನೆತ್ತಿಯ ಮೇಲೆ ಹೊಂಬಣ್ಣದ ಬಿಸಿಲು, ಕೆಳಗೆ ಕಾಡಿಗೆ ಬಣ್ಣ. ತೀರಾ ಕೆಳಗೆ, ಸ್ವಲ್ಪ ಮಸುಕಾಗಿ, ಬೆಳ್ಳನೆ ಹಿಮ. ಹಿಮದ ಮೇಲೆ ಒಂದು ಕರಿಯ ಲಾವಾ ಬಂಡೆ. ಹಿಂದೆ ಕಪ್ಪು ಗುಡ್ಡದ ಅಂಚು. ಆಹ್ವಾನ ಪತ್ರಿಕೆಯ ಮೇಲೂ ಅದೇ ಚಿತ್ರ ಅಚ್ಚಾಗಿತ್ತು. "ಐಸ್‌ಲ್ಯಾಂಡಲ್ಲಿ ಇಂಥ ಮೋಡ ನಾನು ಕಂಡಿಲ್ಲ ಕಣ್ರೀ, ನಿಮ್ಮ ಅದೃಷ್ಟ" ಎಂದಿದ್ದರು ಬಳಗದ ಕಾರ್ಯದರ್ಶಿ ಗೌರೀಶಂಕರ. ನಂದಕುಮಾರ್ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಬಳಗದಲ್ಲಿ ಒಂದು ಕಡ್ಡಾಯದ ನಿಯಮವಿತ್ತು. ಚಿತ್ರ ತೆಗೆದ ಜಾಗ ತಪ್ಪು ಹೇಳಿದವರಿಗೆ ಬಹುಮಾನವಿಲ್ಲ, ಮೂರು ವರ್ಷ ಪ್ರವೇಶವೂ ಇಲ್ಲ. ಹಿಂದೊಮ್ಮೆ ಯಾರೋ ನಂದಿ ಬೆಟ್ಟದ ಮಂಜನ್ನು ಸ್ವಿಟ್ಜರ್‌ಲ್ಯಾಂಡ್ ಎಂದು ತೋರಿಸಿದಾಗ ಮೇಜು ಕುಟ್ಟಿ ಆ ನಿಯಮ ಮಾಡಿಸಿದವನು ನಂದಕುಮಾರನೇ.

ಪ್ರದರ್ಶನದ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಐದಡಿ ಅಗಲದ ಚಿತ್ರ ಕಟ್ಟು ಹಾಕಿಸಿಕೊಂಡು ಮನೆಗೆ ಬಂತು. ನಡುಮನೆಯ ಗೋಡೆಗೆ ಒರಗಿಸಿ ಪ್ಲಾಸ್ಟಿಕ್ ಬಿಚ್ಚಿದ. ಹೆಂಡತಿ ಸೌಮ್ಯ "ಸಖತ್ತಾಗಿದೆ ರೀ" ಎಂದಳು. ಬೈರಮ್ಮ ಹಿತ್ತಲಿಂದ ಕೈ ಒರೆಸಿಕೊಳ್ಳುತ್ತ ಬಂದವಳು ಚಿತ್ರದ ಮುಂದೆ ನಿಂತಳು.

ಒಂದು ನಿಮಿಷವಾಯಿತು. ಎರಡಾಯಿತು. ಅವಳು ಕದಲಲಿಲ್ಲ. ಹತ್ತಿರ ಹೋದಳು, ಹಿಂದೆ ಸರಿದಳು, ಬಗ್ಗಿ ಕೆಳಗಿನ ಮೂಲೆ ನೋಡಿದಳು. ನಂದಕುಮಾರ್ ಹಿಗ್ಗಿ ಹೀರೇಕಾಯಿಯಾದ. ಈಗ ಕೇಳುತ್ತಾಳೆ, ಮಳೆ ಬಂತಾ ಎಂದು. ಈ ಸಲ ಸುಮ್ಮನೆ ಬಂತು ಎಂದುಬಿಡೋಣ ಎಂದುಕೊಂಡ.

ಅವಳು ಕೇಳಲೇ ಇಲ್ಲ. "ಇದು ಬಂತು ಬಿಡು. ಚೆನ್ನಾಗೇ ಬಂತು" ಎಂದಳು.

"ಏನು ಬಂತು?"

"ಮಳೆ ಕಣೋ. ಏಳು ಗಂಟೆಗೆ ಹಿಡ್ಕಂಡಿದ್ದು ಒಂಬತ್ತಾದ್ರೂ ಬಿಡ್ಲಿಲ್ಲ. ಭರಣಿ ಮಳೆ."

"ಅವ್ವ, ಇದು ಐಸ್‌ಲ್ಯಾಂಡು. ಅಲ್ಲಿ ಯಾವ ಭರಣಿ?"

"ಅದೆಲ್ಲ ನಂಗೊತ್ತಿಲ್ಲ. ಈ ಮುಗಿಲು ಬನಶಂಕರಿ ಗುಡಿ ಕಡೆಯಿಂದ ಎದ್ದಿದ್ದು."

ನಂದಕುಮಾರ್ ನಕ್ಕ. "ಮೋಡಕ್ಕೇನು ಆಧಾರ್ ಕಾರ್ಡ್ ಇರ್ತದಾ, ಗುರುತು ಹಿಡಿಯೋಕೆ?"

"ಮುಗಿಲಿಗಿಲ್ಲ. ನನ್ನ ಗುಂಡುಕಲ್ಲಿಗೈತೆ." ಬೈರಮ್ಮ ಲಾವಾ ಬಂಡೆಯ ಮೇಲೆ ಬೆರಳಿಟ್ಟಳು. "ಒರಳು ಹೋದ್ರೂ ಗುಂಡುಕಲ್ಲು ಮಡಗಿವ್ನಿ. ಇಲ್ಲಿ ಮುಕ್ಕಾಗಿರೋದು ನೋಡು. ನೀನು ಚಿಕ್ಕೋನಿದ್ದಾಗ ಮೆಟ್ಟಿಲ ಮೇಲಿಂದ ಉರುಳಿಸಿದ್ದೆಯಲ್ಲ, ಅದೇ ಮುಕ್ಕು."

ನಂದಕುಮಾರ್ ಬಗ್ಗಿ ಮುಕ್ಕು ನೋಡಿದ. ಬೈರಮ್ಮನ ಬೆರಳು ಹಿಮದ ಮೇಲೆ ಹರಿಯಿತು. "ಇದು ನಿಮ್ಮಪ್ಪನ ಪಂಚೆ. ಇವು ಅಕ್ಕಿ ಸಂಡಿಗೆ. ಪಂಚೆ ಹಾರದೆ ಇರ್ಲಿ ಅಂತ ಗುಂಡುಕಲ್ಲು ಮಡಗಿದ್ದೆ. ಹಿಂದ್ಗಡೆ ಕರ್ರಗಿರೋದು ಟಾರ್ಪಾಲು. ಅದ್ರ ಕೆಳಗಿರೋದು ತೆಂಗಿನ ಗರಿ ರಾಶಿ."

ಸೌಮ್ಯ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗುವೋ ಗಾಬರಿಯೋ ಅವಳಿಗೇ ತಿಳಿಯಲಿಲ್ಲ.

ಎರಡು ವರ್ಷದಿಂದ ಆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಒಂದು ಕತೆ ನಡೆಯುತ್ತಿತ್ತು. ಮಳೆ ಬರುವ ಹಾಗಿದೆ, ಮಾಳಿಗೆಗೆ ಹೋಗಿ ಸಂಡಿಗೆ ಎತ್ತಿಕೊಂಡು ಬಾರೋ ಎಂದು ಅವ್ವ ಕಳಿಸಿದಳು; ಮಗ ಹೋದ, ಬರಿಗೈಯಲ್ಲಿ ಬಂದು ಮಲಗಿದ; ಎರಡು ಸೇರು ಅಕ್ಕಿಯ ಸಂಡಿಗೆ ಗಂಜಿಯಾಯಿತು. ನಂದಕುಮಾರ್ ಆ ಕತೆಯನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ವಿದೇಶದಿಂದ ಬಂದ ಹೊಸತರಲ್ಲಿ ಅವನಿಗೆ ಹಗಲು ಯಾವುದು ರಾತ್ರಿ ಯಾವುದು ತಿಳಿಯುತ್ತಿರಲಿಲ್ಲ. ಮಾಳಿಗೆಗೆ ಹೋದದ್ದೂ ಕನಸಿನ ಹಾಗೆ ಅರ್ಧಂಬರ್ಧ ನೆನಪಿತ್ತು.

ಅವನು ಓಡಿಹೋಗಿ ಕಂಪ್ಯೂಟರ್ ತೆರೆದ. ಆ ಪ್ರವಾಸದ ಚಿತ್ರಗಳೆಲ್ಲ ಒಂದೇ ಕಾರ್ಡಿನಲ್ಲಿದ್ದವು, ನಾಲ್ಕು ತಿಂಗಳ ನಂತರ ಒಟ್ಟಿಗೇ ಇಳಿಸಿದ್ದ. ಕ್ಯಾಮೆರಾದ ಗಡಿಯಾರ ಐಸ್‌ಲ್ಯಾಂಡ್ ಹೊತ್ತಿನಲ್ಲೇ ಇತ್ತು. ಈ ಚಿತ್ರದ ಮೇಲೆ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು ಎಂದಿತ್ತು. ಆ ಹೊತ್ತಿಗೆ ಇಂಥ ಹೊಂಬಿಸಿಲು ಹೇಗೆ ಎಂದು ಯಾರೋ ಕೇಳಿದ್ದಕ್ಕೆ, "ಅಲ್ಲಿ ಸೂರ್ಯ ಮೇಲೇ ಏರಲ್ಲ ಸಾರ್" ಎಂದು ಪಾಠ ಬೇರೆ ಹೇಳಿದ್ದ. ಐದೂವರೆ ಗಂಟೆ ಕೂಡಿಸಿದರೆ ಬೆಂಗಳೂರಿನಲ್ಲಿ ಸಂಜೆ ಆರೂಕಾಲು. ತಾರೀಖು ನೋಡಿದ. ಮೇ ನಾಲ್ಕು. ವಿಮಾನದ ಟಿಕೆಟ್ ಹುಡುಕಿ ತೆಗೆದ. ಅವನು ಬೆಂಗಳೂರಿಗೆ ಬಂದಿಳಿದದ್ದು ಮೇ ಮೂರು. ಮಾರನೆಯ ಸಂಜೆ ಸಂಡಿಗೆ ಎತ್ತಲು ಮಾಳಿಗೆ ಹತ್ತಿದಾಗ ಕೊರಳಲ್ಲಿ ಕ್ಯಾಮೆರಾ ಇತ್ತು ಎಂದಾಯಿತು.

ಇನ್ನೂ ನಂಬಿಕೆ ಬರದೆ ಹಿತ್ತಲಿಗೆ ಹೋಗಿ, ನಲ್ಲಿಯ ಪಕ್ಕ ಬಿದ್ದಿದ್ದ ಗುಂಡುಕಲ್ಲನ್ನು ಹೊತ್ತು ತಂದು ಚಿತ್ರದ ಪಕ್ಕ ಇಟ್ಟು, ಮುಕ್ಕಿಗೆ ಮುಕ್ಕು ತಾಳೆ ನೋಡಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಚಿತ್ರದ ಅಂಚು ಕತ್ತರಿಸಿದ್ದು, ಅಡ್ಡ ಬಂದಿದ್ದ ಎರಡು ವೈರುಗಳನ್ನು ಅಳಿಸಿದ್ದು ಎಲ್ಲ ಈಗ ಒಂದೊಂದಾಗಿ ನೆನಪಾಯಿತು. ವೈರು ಅಳಿಸುವಾಗಲೂ ಅವನಿಗೆ ಅನುಮಾನ ಬಂದಿರಲಿಲ್ಲ. ಐಸ್‌ಲ್ಯಾಂಡಿನಲ್ಲೂ ಕರೆಂಟಿದೆಯಲ್ಲ ಎಂದುಕೊಂಡಿದ್ದ.

ಅವನು ಕಲ್ಲಿನ ಪಕ್ಕದಲ್ಲೇ ನೆಲದ ಮೇಲೆ ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ನಾಚಿಕೆಯಾಯಿತು, ಸಿಟ್ಟೂ ಬಂತು.

ಸೌಮ್ಯ ಪಕ್ಕ ಬಂದು ಕೂತಳು. "ರೀ, ನೀವೇನು ಬೇಕು ಅಂತ ಮಾಡಿದ್ರಾ? ಯಾರಿಗೆ ಗೊತ್ತಾಗುತ್ತೆ? ಆರು ವರ್ಷ ಕಾದಿದ್ದೀರ. ನಾಳೆ ಪ್ರೈಜ್ ತಗೊಂಡು ಬಂದುಬಿಡಿ."

ಅವನು ಅವ್ವನ ಮುಖ ನೋಡಿದ. ಬೈರಮ್ಮ ತಕ್ಷಣ, "ನಾನು ಬಾಯಿ ಬಿಡಾಕಿಲ್ಲಪ್ಪ. ನಂಗ್ಯಾಕೆ? ಹಿಮ ಅಂದ್ರೆ ಹಿಮ" ಎಂದಳು.

ನಂದಕುಮಾರನಿಗೆ ಜೀವ ಬಂದಂತಾಯಿತು. ಸರಿ, ಹಾಗೇ ಆಗಲಿ ಎಂದು ಎದ್ದ. ಪ್ಲಾಸ್ಟಿಕ್ ಮತ್ತೆ ಸುತ್ತತೊಡಗಿದ. ಬೈರಮ್ಮ ಮಾತ್ರ ಇನ್ನೂ ಚಿತ್ರದ ಮುಂದೆಯೇ ನಿಂತಿದ್ದಳು. ಪ್ಲಾಸ್ಟಿಕ್ಕು ಮೋಡದ ನೆತ್ತಿ ಮುಚ್ಚುವಾಗ ಮೆಲ್ಲಗೆ ಹೇಳಿದಳು. "ಹಂಗಾದ್ರೆ ನಾಳೆ ಇದ್ರ ಮುಂದೆ ನಿಂತ್ಕಂಡು, ಈ ಮುಗಿಲು ಹಿಂಗಿಂಗೆ ಬಂತು ಅಂತ ನಾನು ಯಾರಿಗೂ ಹೇಳಂಗಿಲ್ಲ ಅನ್ನು."

ಸಿಟ್ಟಿನಿಂದ ಹೇಳಿದ್ದಲ್ಲ ಅದು, ಹಬ್ಬಕ್ಕೆ ಹೊರಟವರಿಗೆ ನೀವು ಮನೆಯಲ್ಲೇ ಇರಿ ಎಂದರೆ ಬರುವ ದನಿ. ನಂದಕುಮಾರ್ ಸುತ್ತಿದ್ದ ಪ್ಲಾಸ್ಟಿಕ್ ಮತ್ತೆ ಬಿಚ್ಚಿದ. ಹನ್ನೊಂದು ದೇಶಗಳ ಆಕಾಶಗಳಲ್ಲಿ ಅವಳ ಪ್ರಶ್ನೆಗೆ ಉತ್ತರವಿದ್ದ ಚಿತ್ರ ಇದೊಂದೇ, ಆ ಉತ್ತರ ಗೊತ್ತಿದ್ದವಳೂ ಅವಳೊಬ್ಬಳೇ. ಇಷ್ಟು ವರ್ಷ ಅವಳು ನೋಡಲಿ ಎಂದು ಹಪಹಪಿಸಿದವನು, ಅವಳು ನೋಡಿದ ಚಿತ್ರದ ಮೇಲೆ ಬೇರೆ ಊರಿನ ಹೆಸರು ಬರೆದು ಅವಳ ಬಾಯಿ ಮುಚ್ಚಿಸಲು ಹೊರಟಿದ್ದ.

ಭಾನುವಾರ ಬೆಳಿಗ್ಗೆ ಪ್ರದರ್ಶನದ ಬಾಗಿಲು ತೆರೆಯುವ ಮೊದಲೇ, ಚಿತ್ರವನ್ನು ಲಗೇಜ್ ಆಟೋಗೆ ಹಾಕಿಸಿ, ಮೂವರೂ ಇನ್ನೊಂದು ಆಟೋದಲ್ಲಿ ಜಯನಗರ ತಲುಪಿದರು. ಗೌರೀಶಂಕರ ಚಿತ್ರಗಳ ಕೆಳಗೆ ಹೆಸರಿನ ಚೀಟಿ ಅಂಟಿಸುತ್ತಿದ್ದರು. ಮೂವತ್ತು ವರ್ಷ ಮೇಷ್ಟರಾಗಿದ್ದವರು. ಅವರ ಮುಂದೆ ನಿಂತರೆ ಯಾರಿಗಾದರೂ ಹೋಮ್‌ವರ್ಕ್ ಮರೆತುಬಂದ ನೆನಪಾಗುತ್ತದೆ. ನಂದಕುಮಾರ್ ಒಂದೇ ಉಸಿರಿಗೆ ಎಲ್ಲ ಹೇಳಿದ, ಪಂಚೆ, ಸಂಡಿಗೆ, ಟಾರ್ಪಾಲು ಯಾವುದನ್ನೂ ಬಿಡದೆ.

ಗೌರೀಶಂಕರ ಚಿತ್ರವನ್ನು ಮೂಗು ತಾಕುವಷ್ಟು ಹತ್ತಿರದಿಂದ ನೋಡಿದರು. "ನಿಯಮ ನಿಮ್ಮದೇ ನಂದಕುಮಾರ್."

"ಗೊತ್ತು ಸಾರ್."

"ಬಹುಮಾನ ಇಲ್ಲ. ಮೂರು ವರ್ಷ ಪ್ರವೇಶವೂ ಇಲ್ಲ."

"ಗೊತ್ತು ಸಾರ್. ಚಿತ್ರ ಮಾತ್ರ ಇವತ್ತೊಂದು ದಿನ ಇರ್ಲಿ. ಚೀಟಿ ನಾನೇ ಬರೀತೀನಿ."

ಕಾರ್ಯದರ್ಶಿ ಚಿತ್ರಕ್ಕೆ ಕಟ್ಟಲು ತಂದಿದ್ದ ಬಹುಮಾನದ ನೀಲಿ ರಿಬ್ಬನ್ನು ಜೇಬಿಗೆ ಹಾಕಿಕೊಂಡು, ಪೆನ್ನು ಕೊಟ್ಟರು. ರಿಬ್ಬನ್ನು ಜೇಬಿಗಿಳಿದದ್ದು ನೋಡಿ ನಂದಕುಮಾರನಿಗೆ ಸಂಕಟವಾಯಿತು. ಅದನ್ನು ಇಲ್ಲವೆನ್ನುವುದು ಸುಳ್ಳಾದೀತು. ಅವ್ವನನ್ನು ಕೇಳಿ ಕೇಳಿ ಬರೆದ: "ಹೊಸಕೆರೆಹಳ್ಳಿ, ನಮ್ಮ ಮಾಳಿಗೆ. ಬನಶಂಕರಿ ಕಡೆಯ ಮುಗಿಲು. ಮೂಡಗಾಳಿ. ಏಳು ಗಂಟೆಗೆ ಮಳೆ ಬಂತು. ಎರಡು ಸೇರು ಸಂಡಿಗೆ ಹೋಯಿತು."

ಜನ ಬಂದರು. ಬೇರೆ ಚಿತ್ರಗಳ ಮುಂದೆ 'ವಾವ್' ಎಂದು ಮುಂದೆ ಹೋಗುತ್ತಿದ್ದವರು ಈ ಚೀಟಿ ಓದಿ ನಿಲ್ಲುತ್ತಿದ್ದರು. ಸಂಡಿಗೆ ಎಲ್ಲಿ ಎಂದು ಹುಡುಕುತ್ತಿದ್ದರು. ಬೈರಮ್ಮ ಇಳಕಲ್ ಸೀರೆಯ ಸೆರಗು ಹೊದ್ದು ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದಳು. ಯಾರು ಕೇಳಿದರೂ ಮೊದಲಿನಿಂದ ಹೇಳುತ್ತಿದ್ದಳು. ಮುಗಿಲು ಹೇಗೆ ಎದ್ದಿತು, ಗಾಳಿ ಹೇಗೆ ತಿರುಗಿತು, ಮೊದಲ ಹನಿ ಎಷ್ಟು ದಪ್ಪ ಇತ್ತು, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂದು ಹಿಂದಿನವರು ಯಾಕೆ ಹೇಳುತ್ತಿದ್ದರು. ಗೌರೀಶಂಕರರೂ ಎರಡು ಸಲ ಬಂದು ಕೇಳಿಸಿಕೊಂಡು ಹೋದರು. ಎರಡನೆಯ ಸಲ, "ಸಂಡಿಗೆ ಪೂರ್ತಿ ಹೋಯ್ತೇನಮ್ಮ, ಸ್ವಲ್ಪಾನೂ ಉಳೀಲಿಲ್ವಾ?" ಎಂದು ವಿಚಾರಿಸಿದರು.

ಸಂಜೆ ಜನ ಕರಗಿದ ಮೇಲೆ ಬೈರಮ್ಮ ಕುರ್ಚಿಯಿಂದ ಎದ್ದು ಮಗನ ತೋಳು ಹಿಡಿದಳು. "ಉಳಿದವನ್ನೂ ತೋರಿಸು ನಡಿ. ನಿನ್ನವು ಇನ್ನೆಷ್ಟವೆ?"

ಪಕ್ಕದ ಗೋಡೆಯಲ್ಲಿ ನಾರ್ವೆಯದಿತ್ತು. ಸಮುದ್ರದ ಮೇಲೆ ಬಾಗಿದ ಬೂದು ಮೋಡ, ಕೆಳಗೆ ಒಂದು ಪುಟ್ಟ ಕೆಂಪು ಮನೆ. ಬೈರಮ್ಮ ಕನ್ನಡಕ ಏರಿಸಿದಳು.

"ಇದು? ಆಮೇಲೆ ಮಳೆ ಬಂತಾ?"

ನಂದಕುಮಾರ್ ಈ ಸಲ ಬಣ್ಣದ ಮಾತೆತ್ತಲಿಲ್ಲ. "ಗೊತ್ತಿಲ್ಲವ್ವ. ನಾನು ಕಾಯ್ಲಿಲ್ಲ."

ಬೈರಮ್ಮ ಕೆಂಪು ಮನೆಯನ್ನು ಬಹಳ ಹೊತ್ತು ನೋಡಿದಳು. ಅದರ ಮುಂದಿನ ಹಗ್ಗದ ಮೇಲೆ ಒಣಗಲು ಹಾಕಿದ್ದ ಬಟ್ಟೆಗಳನ್ನು ಅವನು ಇದುವರೆಗೆ ಗಮನಿಸಿರಲಿಲ್ಲ. ಅವಳು ಆ ಬಟ್ಟೆಗಳ ಮೇಲೆ ಬೆರಳಿಟ್ಟು ಹೇಳಿದಳು.

"ಹೋಗ್ಲಿ ಬಿಡು. ಈ ಮನೆಯವ್ಳಿಗೆ ಗೊತ್ತಿರ್ತದೆ."